ಬಳ್ಳಿ ಸುತ್ತುವ ಮಾತು: ಕಾಸರಗೋಡು ಕರಾವಳಿ ಮತ್ತು ಹಾಯಿದೋಣಿಯ ಹಗ್ಗಗಳು

ಪದಸಂಗ್ರಹಕ್ಕೆ ಹೊರಟ ನಾವು ಸಾಮಾನ್ಯವಾಗಿ ಮಾಡುವ ತಪ್ಪು ಒಂದುಂಟು. ದೋಣಿಯ ಹತ್ತಿರ ನಿಂತು 'ಇದಕ್ಕೆಂತ ಹೇಳ್ತೀರಿ, ಅದಕ್ಕೆಂತ ಹೇಳ್ತೀರಿ' ಎಂದು ಕೇಳಿ ನಾಮಪದಗಳನ್ನಷ್ಟೇ ಬರೆದುಕೊಂಡು ಬರುತ್ತೇವೆ. ಕೆಲಸದ ಮಾತು ದಡದಲ್ಲೇ ಉಳಿದುಬಿಡುತ್ತದೆ. ದಡಕ್ಕೆ ಕಟ್ಟಿದ ಹಗ್ಗವನ್ನು ಬಿಚ್ಚಿ ಒಳಗೆ ತೆಗೆದಿಡುವ ಕೆಲಸವನ್ನೇ ಉದಾಹರಣೆಗೆ ನೋಡಬಹುದು.

ಹಗ್ಗ (ಹಿಂದಿನ ರೂಪ ಪಗ್ಗ) ಪುಸ್ತಕದ ಮಾತಾಯಿತು. ಹವ್ಯಕ ಕನ್ನಡದಲ್ಲೂ ಕುಂದಾಪುರದ ಕಡೆಯೂ ಅದು ಬಳ್ಳಿ, ತುಳುವಿನಲ್ಲಿ ಬಲ್ಲ್, ಮಲಯಾಳದಲ್ಲಿ ಕಯರ್. ಇಂಗ್ಲಿಷಿನ ಕಾಯರ್ ಬಂದದ್ದು ಈ ಕೊನೆಯದರಿಂದ. ನಮ್ಮ ಲಂಗರು, ಮಲಯಾಳದ ನಂಕೂರಂ ಎರಡಕ್ಕೂ ಮೂಲ ಪಾರಸಿಯ ಲಂಗರ್.

ಮೂರೆಳೆಯ ಹಗ್ಗ ಹೆಚ್ಚಾಗಿ ಬಲಹುರಿಯದು. ಅದನ್ನು ದೇವರಿಗೆ ಬಲ ಬಂದ ಹಾಗೆ, ಪ್ರದಕ್ಷಿಣವಾಗಿಯೇ ಸುತ್ತಬೇಕು. ಎಡಕ್ಕೆ ಸುತ್ತಿದರೆ ಹುರಿ ಮುರಿದು ಗಂಟುಗಂಟಾಗಿ ಸುರುಟಿಕೊಳ್ಳುತ್ತದೆ. ಸುತ್ತುವುದು, ಸುರುಟುವುದು ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು: ಒಂದು ಕೈಯ ಕೆಲಸ, ಇನ್ನೊಂದು ಹಗ್ಗದ ಹಟ. (ಮಲಯಾಳದ ಚುರುಟ್ಟು, ಇಂಗ್ಲಿಷಿನ ಚೆರೂಟು ಇದೇ ಬಳಗದವು.) ದೋಣಿಗೆ ಕಟ್ಟಿದ ತುದಿಯಿಂದ ಸುತ್ತಲು ತೊಡಗಿದರೆ ಹೆಚ್ಚಿನ ತಿರುಚು ಬಿಟ್ಟ ತುದಿಯಿಂದ ಹೊರಗೆ ಹೋಗುತ್ತದೆ. ತಿರುಗಾಮುರುಗಾ ಮಾಡಿದರೆ ಹೋಗಲು ಅದಕ್ಕೆ ದಾರಿಯಿಲ್ಲ. ಕೊನೆಯ ಎರಡು ಮೂರು ಸುತ್ತನ್ನು ಸುರುಳಿಯ ಸೊಂಟಕ್ಕೆ ಬಿಗಿದು, ಕುಣಿಕೆ ತೂರಿಸಿ ತೂಗುಹಾಕುವುದು. ಲಂಗರಿನ ಹಗ್ಗವನ್ನು ಮಾತ್ರ ಹೀಗೆ ಬಿಗಿಯುವಂತಿಲ್ಲ. ಮೇಲಿನ ಸುತ್ತು ಮೊದಲು ಓಡುವಂತೆ ಸಡಿಲಾಗಿಯೇ ಇಡಬೇಕು. ಓಡುವ ಸುರುಳಿಯೊಳಗೆ ಕಾಲಿಟ್ಟವನ ಗತಿ ಹೇಳಬೇಕಾಗಿಲ್ಲ.

ಕತ್ತದ ಹಗ್ಗ ಉಪ್ಪುನೀರಿಗೆ ಹೆದರುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಅಲೆ ಎಳೆದರೆ ಹಿಗ್ಗುತ್ತದೆ. ಮಳೆನೀರಿನ ಪಸೆ ಇರುವಾಗಲೇ ಒಳಗೆ ತುರುಕಿದರೆ ಕುಂಬಾಗಿ ಹೋದೀತು, ಒಣಗಿಸಿಯೇ ಇಡಬೇಕು. ಲಕ್ಷದ್ವೀಪದ ಓಡಗಳು ಈ ಕತ್ತವನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದವು. 1956ರವರೆಗೆ ಅಮಿನಿದಿವಿ ದ್ವೀಪಗಳೂ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಹಗ್ಗದ ಪದಗಳನ್ನು ಇಂದಿನ ರಾಜ್ಯದ ಗಡಿಯೊಳಗೇ ಹುಡುಕುವುದು ಸರಿಯಲ್ಲ.

ಈಗ ನೈಲಾನು ಬಂದಿದೆ. ಅದು ಹಿಗ್ಗುತ್ತದೆ, ಆದರೆ ಮುಳುಗುತ್ತದೆ. ಹೆಣೆದ ಹಗ್ಗವಾದರೆ ಬಲಸುತ್ತಿನ ಕಟ್ಟಳೆಯೂ ಇಲ್ಲ. ಇಂಗ್ಲಿಷಿನ ಎಂಟರ ಆಕಾರದಲ್ಲಿ ಮಡಚಿಟ್ಟರೆ ತಿರುಚೇ ಬೀಳದು. ಕೆಲಸ ಬದಲಾದಲ್ಲಿ ಮಾತೂ ಬದಲಾಗುತ್ತದೆ. ಹಾಯಿ ಬಿಚ್ಚಿ ಗೊತ್ತಿದ್ದ ಹಿರಿಯರು ಇರುವಾಗಲೇ ಅವರ ಕೈಗೆ ಒಂದು ಮಾರುದ್ದದ ಕತ್ತದ ಬಳ್ಳಿ ಕೊಟ್ಟು, 'ಈಗೆಂತ ಮಾಡಿದ್ದು?' ಎಂದು ಪ್ರತಿ ಸುತ್ತಿಗೂ ಕೇಳುವುದು ಒಳ್ಳೆಯದು.