ತೂಕ ಇಳಿದ ಮೇಲೆ: ವ್ಯಾಯಾಮದ ಎರಡನೆಯ ಘಟ್ಟ

ಮಾಘಮಾಸದಲ್ಲಿ ನಡೆಯುವ ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ಪಾದಯಾತ್ರೆಯಲ್ಲಿ ಬರುವ ಭಕ್ತರನ್ನು ನಮ್ಮ ಭಾಗದ ಪ್ರತಿಯೊಂದು ಊರೂ ಬಲ್ಲದು. ದಾವಣಗೆರೆಯ ಕಡೆಯಿಂದ ಹರಪನಹಳ್ಳಿ ಮಾರ್ಗವಾಗಿ ಬರುವವರು 70-80 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲೇ ಕ್ರಮಿಸುತ್ತಾರೆ. ಈಚಿನ ವರ್ಷಗಳಲ್ಲಿ ಒಂದು ಒಳ್ಳೆಯ ಬದಲಾವಣೆಯನ್ನು ನಾವು ಕಾಣುತ್ತಿದ್ದೇವೆ. ಯಾತ್ರೆಗೆ ಮೂರು ನಾಲ್ಕು ತಿಂಗಳು ಇರುವಾಗಲೇ ಕೆಲವರು ನಿತ್ಯದ ನಡಿಗೆ, ಮಿತವಾದ ಊಟ ಇವುಗಳನ್ನು ವ್ರತದಂತೆ ಹಿಡಿಯುತ್ತಾರೆ. ಎಂಟು ಹತ್ತು ಕೆ.ಜಿ. ತೂಕ ಇಳಿಸಿಕೊಂಡು ಹಗುರಾದ ಮೈಯಲ್ಲಿ ಗುರುವಿನ ಸನ್ನಿಧಿಗೆ ಬರುತ್ತಾರೆ. ತೇರು ಎಳೆದಾಯಿತು, ಹರಕೆ ತೀರಿತು ಎಂದು ಅಲ್ಲಿಗೆ ನಡಿಗೆಯನ್ನೂ ನಿಲ್ಲಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಇಳಿದ ತೂಕವೆಲ್ಲ ಮರಳಿ ಬಂದಿರುತ್ತದೆ.

ತೂಕ ಇಳಿಸುವುದು ಹೇಗೆಂದು ಹೇಳುವವರು ಇಂದು ಮನೆಗೊಬ್ಬರಿದ್ದಾರೆ. ಇಳಿದ ಮೇಲೆ ವ್ಯಾಯಾಮವನ್ನು ಹೇಗೆ ಮುಂದುವರಿಸಬೇಕು, ಎಷ್ಟು ಕಡಿಮೆ ಮಾಡಬಹುದು, ಏನನ್ನು ಬದಲಿಸಬೇಕು ಎಂಬುದನ್ನು ತಿಳಿಸುವವರು ವಿರಳ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹಲವರು ಇದನ್ನೇ ಕೇಳುತ್ತಿರುವುದರಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಮೊದಲು ಇಳಿದ ತೂಕ ಏಕೆ ಮರಳುತ್ತದೆ ಎಂಬುದನ್ನು ತಿಳಿಯಬೇಕು. ಚಕ್ಕಡಿಯಿಂದ ಎರಡು ಚೀಲ ಜೋಳ ಇಳಿಸಿದರೆ ಎತ್ತುಗಳಿಗೆ ಅದೇ ದಾರಿ ಹಗುರಾಗುತ್ತದೆಯಷ್ಟೆ. 80 ಕೆ.ಜಿ. ಇದ್ದವರು ಐದು ಕಿಲೋಮೀಟರ್ ನಡೆದಾಗ ಸುಮಾರು 300 ಕ್ಯಾಲೊರಿ ವ್ಯಯವಾಗುತ್ತಿತ್ತು. ಅವರೇ 68 ಕೆ.ಜಿ.ಗೆ ಇಳಿದ ಮೇಲೆ ಅದೇ ದಾರಿಗೆ ಸುಮಾರು 255 ಸಾಕು. ಏಳುವುದು, ಕೂರುವುದು, ಮೆಟ್ಟಿಲು ಹತ್ತುವುದು, ಮಲಗಿದಾಗ ಉಸಿರಾಡುವುದು, ಹೀಗೆ ದಿನದ ಎಲ್ಲ ಕ್ರಿಯೆಗಳಲ್ಲೂ ಈ ಉಳಿತಾಯ ನಡೆಯುತ್ತದೆ. ಅಂದರೆ, ತೂಕ ಇಳಿಸಿದ ವ್ಯಾಯಾಮವೇ ಮುಂದೆ ಇಳಿದ ತೂಕವನ್ನು ಕಾಯುವುದಕ್ಕಷ್ಟೇ ಸಾಕಾಗುತ್ತದೆ. ಅದನ್ನೂ ಬಿಟ್ಟರೆ ಕಾಯುವವರೇ ಇಲ್ಲ.

ಇದರ ಮೇಲೆ ದೇಹದ್ದೇ ಆದ ಒಂದು ಜಿಪುಣತನವೂ ಸೇರುತ್ತದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಸಂಶೋಧನೆಯು, ಶೇಕಡ 10ರಷ್ಟು ತೂಕ ಇಳಿದವರಲ್ಲಿ ಶಕ್ತಿಯ ವ್ಯಯವು ಇಳಿದ ತೂಕದ ಲೆಕ್ಕಕ್ಕಿಂತಲೂ ಹೆಚ್ಚು ತಗ್ಗುವುದನ್ನು ತೋರಿಸಿತು. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದ ಇನ್ನೊಂದು ಅಧ್ಯಯನವು ಹಸಿವಿನ ಕಡೆಗೆ ಬೆರಳು ಮಾಡಿತು. ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ತೂಕ ಇಳಿಸಿಕೊಂಡವರಲ್ಲಿ, ವರ್ಷ ಕಳೆದರೂ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ದೇಹಕ್ಕೆ ಪಥ್ಯ ಯಾವುದು, ಬರ ಯಾವುದು ಎಂಬ ಭೇದ ತಿಳಿಯದು. 1876-78ರ ಮಹಾಕ್ಷಾಮವನ್ನು ಕಂಡ ಬಳ್ಳಾರಿ ಸೀಮೆಯವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಡಿಟ್ಟ ಕೊಬ್ಬನ್ನು ಕಳೆದುಕೊಂಡ ದೇಹವು ಕಣಜ ಬರಿದಾದ ರೈತನಂತೆ ವರ್ತಿಸುತ್ತದೆ. ಖರ್ಚು ತಗ್ಗಿಸಿ, ಸಿಕ್ಕಿದ್ದನ್ನು ಕೂಡಿಡುತ್ತದೆ. ಆದುದರಿಂದ ತೂಕ ಮರಳಿದವರನ್ನು ಸೋಮಾರಿಗಳೆಂದೋ ಬಾಯಿಚಪಲದವರೆಂದೋ ಹಂಗಿಸುವುದು ಸಲ್ಲದು.

ಹಳೆಯ ಗರಡಿಮನೆಯ ಪೈಲ್ವಾನರನ್ನು ನೆನೆದರೆ ಈ ವಿಷಯ ಇನ್ನೂ ಸ್ಪಷ್ಟವಾದೀತು. ಕುಸ್ತಿಯ ದಿನಗಳಲ್ಲಿ ಹಾಲು, ತುಪ್ಪ, ಬಾದಾಮಿಯನ್ನು ಅರಗಿಸಿಕೊಂಡ ಮೈ, ಸಾಮು ನಿಂತ ಎರಡು ಮೂರು ವರ್ಷಗಳಲ್ಲಿ ಗುರುತು ಸಿಗದಂತೆ ಊದಿಕೊಳ್ಳುವುದನ್ನು ಹಿರಿಯರು ಕಂಡಿದ್ದಾರೆ. ಸಾಮು ನಿಂತರೂ ಊಟ ನಿಲ್ಲುವುದಿಲ್ಲ. ಜಾಣ ಉಸ್ತಾದರು ಅಖಾಡ ಬಿಟ್ಟ ಶಿಷ್ಯರಿಗೂ ದಿನಕ್ಕಿಷ್ಟು ಬೈಠಕ್ ಎಂದು ಕಟ್ಟುಮಾಡಿ ಕಳಿಸುತ್ತಿದ್ದುದು ಇದೇ ಕಾರಣಕ್ಕೆ.

ತೂಕ ಮರಳಿದರೆ ಏನಾಯಿತು ಎನ್ನುವವರೂ ಇದ್ದಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಆಗುವುದು ಬಹಳ. ಬ್ರಿಟನ್ನಿನ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನವರಿಗೆ ಪಥ್ಯದ ಮೂಲಕ ತೂಕ ಇಳಿಸಲಾಯಿತು. ಒಂದು ವರ್ಷದ ನಂತರ ಅವರಲ್ಲಿ ಶೇಕಡ 46 ಮಂದಿಗೆ ಗುಳಿಗೆಯ ಹಂಗಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು, 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ ಶೇಕಡ 86. ಎರಡನೆಯ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ಕೈತಪ್ಪಿದವರಲ್ಲಿ ಬಹುತೇಕರದು ತೂಕ ಮರಳಿದ ಕಥೆ. ಹೋಗಿದ್ದ ಗುಳಿಗೆ ಡಬ್ಬಿ ಮತ್ತೆ ದೇವರ ಗೂಡಿನ ಪಕ್ಕಕ್ಕೆ ಬಂದು ಕೂರುವುದೆಂದರೆ ಸಣ್ಣ ಮಾತಲ್ಲ.

ಹಾಗಾದರೆ ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರೆಲ್ಲರೂ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಶ್ರಮವನ್ನು, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಮಾಡಬೇಕು. ತೂಕ ಇಳಿಸಿಕೊಂಡವರು ಅದನ್ನು ಕಾಯ್ದುಕೊಳ್ಳಲು ಇದರ ಕೆಳಗಿನ ಮಿತಿ ಸಾಲದು. ಅಮೆರಿಕದಲ್ಲಿ 1994ರಿಂದ ನಡೆದುಬಂದಿರುವ ಒಂದು ದಾಖಲಾತಿಯಲ್ಲಿ, 13 ಕೆ.ಜಿ.ಗೂ ಹೆಚ್ಚು ಇಳಿಸಿ ವರ್ಷಕ್ಕೂ ಮೇಲ್ಪಟ್ಟು ಅದನ್ನು ಉಳಿಸಿಕೊಂಡ ಸಾವಿರಾರು ಜನರ ದಿನಚರಿ ಇದೆ. ಅವರು ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ, ಅದರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ನಡಿಗೆ. ನಮ್ಮ ಭಕ್ತರಿಗೆ ನಾವು ಹೇಳುವುದು ಇಷ್ಟೆ: ದಿನಕ್ಕೆ 40ರಿಂದ 60 ನಿಮಿಷ, ವಾರಕ್ಕೆ ಆರು ದಿನ. ತೂಕ ಇಳಿಸುವಾಗ ಎರಡು ಹೊತ್ತು ನಡೆಯುತ್ತಿದ್ದವರು ಈಗ ಒಂದು ಹೊತ್ತಿಗೆ ಬರಬಹುದು. ಆ ಒಂದು ಹೊತ್ತನ್ನು ಲಿಂಗಪೂಜೆಯ ವೇಳೆಯಂತೆ ನಿಯಮಕ್ಕೆ ಕಟ್ಟಿಕೊಳ್ಳಬೇಕು. ಒಂದು ವರ್ಷ ಪೂಜೆ ಮಾಡಿದೆ, ಗುರಿ ಮುಟ್ಟಿತು, ಇನ್ನು ಸಾಕು ಎಂದು ಇಷ್ಟಲಿಂಗವನ್ನು ಯಾರೂ ತೆಗೆದಿಡುವುದಿಲ್ಲ. ಶರಣರು ಕಾಯಕವನ್ನು ನಿತ್ಯದ್ದೆಂದು ಕಂಡರು. ನುಲಿಯ ಚಂದಯ್ಯನವರ ಹಗ್ಗ ಹೊಸೆಯುವ ಕೈ, ಮೋಳಿಗೆ ಮಾರಯ್ಯನವರ ಸೌದೆ ಹೊರೆ ಹೊರುವ ಹೆಗಲು ಇವಕ್ಕೆ ಮುಕ್ತಾಯದ ದಿನ ಎಂಬುದಿರಲಿಲ್ಲ.

ಇನ್ನು ಬದಲಿಸಬೇಕಾದ ಸಂಗತಿ. ತೂಕ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ವ್ಯಾಯಾಮವಿಲ್ಲದೆ ಊಟ ಬಿಟ್ಟೇ ಇಳಿಸಿದವರಲ್ಲಿ ಕಳೆದ ತೂಕದ ಕಾಲು ಭಾಗದಷ್ಟು ಸ್ನಾಯುವೇ ಆಗಿರಬಹುದು. ನಡಿಗೆಯೊಂದರಿಂದ ಅದು ಹಿಂತಿರುಗದು. ಭಾರತೀಯರಾದ ನಮಗೆ ಇದು ಇನ್ನೂ ಮುಖ್ಯ. ಪುಣೆಯ ವೈದ್ಯ ಯಾಜ್ಞಿಕ್ ಹಾಗೂ ಲಂಡನ್ನಿನ ವೈದ್ಯ ಯುಡ್ಕಿನ್ ಇಬ್ಬರೂ ಸೇರಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇಕಡ 9.1, ಯಾಜ್ಞಿಕ್ಕರಲ್ಲಿ ಶೇಕಡ 21.2. ತಕ್ಕಡಿ ಸರಿಯಿದೆಯೆಂದು ಹೇಳಿದರೂ ಒಳಗಿನ ಲೆಕ್ಕ ಬೇರೆಯೇ ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಗೊತ್ತಿಲ್ಲ. ಆದುದರಿಂದಲೇ ಗಂಡಸರು ಸೊಂಟದ ಸುತ್ತಳತೆಯನ್ನು 90 ಸೆಂಟಿಮೀಟರ್ ಒಳಗೆ, ಹೆಂಗಸರು 80ರ ಒಳಗೆ ಇಟ್ಟುಕೊಳ್ಳಬೇಕೆಂದು ನಮ್ಮ ದೇಶದ ತಜ್ಞರು ಹೇಳುತ್ತಾರೆ. ತಕ್ಕಡಿಯ ಜೊತೆಗೆ ಅಳತೆಪಟ್ಟಿಯೂ ಮನೆಯಲ್ಲಿರಲಿ.

ವಾರದ ಆರು ದಿನಗಳಲ್ಲಿ ಎರಡು ಅಥವಾ ಮೂರು ದಿನ ನಡಿಗೆಯ ಅರ್ಧ ಸಮಯವನ್ನು ಬಲದ ವ್ಯಾಯಾಮಕ್ಕೆ ಕೊಡಿ. ಜಿಮ್ಮಿಗೆ ಹೋಗಬೇಕೆಂದಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಹತ್ತು ಸಲ, ಸ್ವಲ್ಪ ವಿರಾಮ, ಮತ್ತೆ ಹತ್ತು ಸಲ. ಗೋಡೆಗೆ ಕೈಯಿಟ್ಟು ದಂಡ. ಮೈ ಒಗ್ಗಿದ ಮೇಲೆ ನೆಲದ ಮೇಲಿನ ದಂಡ, ಬೈಠಕ್. ಎರಡೂ ಕೈಯಲ್ಲಿ ನೀರು ತುಂಬಿದ ಸಣ್ಣ ಕೊಡ ಹಿಡಿದು ಅಂಗಳದಲ್ಲಿ ಹತ್ತು ಸುತ್ತು. ಎರಡು ವಾರಕ್ಕೊಮ್ಮೆ ಎಣಿಕೆಯನ್ನೋ ಭಾರವನ್ನೋ ತುಸು ಏರಿಸಬೇಕು, ಇಲ್ಲದಿದ್ದರೆ ಸ್ನಾಯು ಬೆಳೆಯದು. ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಯಾರೂ ಮೊದಲ ದಿನವೇ ದೊಡ್ಡ ಗುಂಡಿಗೆ ಕೈ ಹಾಕುತ್ತಿರಲಿಲ್ಲ. ಐವತ್ತು ದಾಟಿದವರು, ಅದರಲ್ಲೂ ತಾಯಂದಿರು, ಈ ಭಾಗವನ್ನು ಬಿಡಲೇಬಾರದು. ಮುಪ್ಪಿನಲ್ಲಿ ಬೀಳದಂತೆ ಕಾಯುವುದು ತೊಡೆಯ ಬಲವೇ. ಉಚ್ಚಂಗಿದುರ್ಗದಂಥ ಬೆಟ್ಟದ ಮೆಟ್ಟಿಲು ಹತ್ತುವುದು ಉತ್ತಮ ವ್ಯಾಯಾಮವಾದರೂ ಮಂಡಿನೋವಿರುವವರಿಗೆ ಇಳಿಯುವುದೇ ಕಷ್ಟ; ಅಂಥವರು ಸಮತಟ್ಟಾದ ದಾರಿಯನ್ನು ಆರಿಸಿಕೊಳ್ಳುವುದು ಲೇಸು.

ಹೊಲದಲ್ಲಿ ದುಡಿಯುವವರಿಗೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ದಿನವಿಡೀ ಕಳೆ ತೆಗೆಯುವ, ಮಲ್ಲಿಗೆ ಬಿಡಿಸುವ ಕೂಲಿಯ ತಾಯಂದಿರಿಗೆ ಈ ಲೇಖನ ಅನ್ವಯಿಸದು. ಅವರಿಗೆ ಬೇಕಾದುದು ವಿಶ್ರಾಂತಿ ಮತ್ತು ರಕ್ತ ತುಂಬುವ ಊಟ. ಆದರೆ ಟ್ರ್ಯಾಕ್ಟರಿನಲ್ಲಿ ಉಳುಮೆ, ಮೋಟಾರಿನಲ್ಲಿ ನೀರು, ಬೈಕಿನಲ್ಲಿ ಹೊಲಕ್ಕೆ ಹೋಗುವ ಒಕ್ಕಲಿಗೆ ವರ್ಷದಲ್ಲಿ ನಿಜವಾದ ಮೈಶ್ರಮ ಇರುವುದು ಬಿತ್ತನೆ ಮತ್ತು ಸುಗ್ಗಿಯ ಕೆಲವು ವಾರಗಳಲ್ಲಿ. ಆ ವಾರಗಳಲ್ಲಿ ನಡಿಗೆ ಬಿಟ್ಟರೆ ಅಡ್ಡಿಯಿಲ್ಲ, ಕಣ ಮುಗಿದ ಮರುದಿನ ಮತ್ತೆ ಹಿಡಿಯಬೇಕು. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಸೂರ್ಯೋದಯಕ್ಕೆ ಮೊದಲೇ ನಡಿಗೆ ಮುಗಿಯಲಿ.

ಊಟದ ವಿಚಾರದಲ್ಲಿ ಎಚ್ಚರ ಬೇಕಾದುದು ಇದೇ ಘಟ್ಟದಲ್ಲಿ. ತೂಕ ಇಳಿಸುವಾಗಿನ ಅರೆಹೊಟ್ಟೆಯನ್ನು ಜೀವಮಾನವಿಡೀ ನಡೆಸಲಾಗದು, ನಡೆಸಲೂ ಬಾರದು. ಹಾಗೆಂದು ಒಮ್ಮೆಲೇ ಹಳೆಯ ಊಟಕ್ಕೆ ಮರಳಿದರೆ ಕೆಟ್ಟಿತು. ದಿನಕ್ಕೆ ಅರ್ಧ ರೊಟ್ಟಿ ಹೆಚ್ಚಿಸಿ ಎರಡು ವಾರ ನೋಡಿ. ತೂಕ ನಿಂತಲ್ಲೇ ನಿಂತರೆ ಮತ್ತೆ ಅರ್ಧ. ಏರತೊಡಗಿದರೆ ಹಿಂದಿನ ಅಳತೆಯೇ ನಿಮ್ಮ ಅಳತೆ. ಸ್ನಾಯುವಿಗೆ ಬೇಕಾದ ಸಸಾರಜನಕವು ಕೆ.ಜಿ. ತೂಕಕ್ಕೆ 0.83 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಜೋಳದ ರೊಟ್ಟಿಯೊಂದಿಗೆ ಹೆಸರುಕಾಳು, ಹುರುಳಿ, ಮಡಿಕೆಕಾಳಿನ ಪಲ್ಯ, ಮೊಸರು ಇದ್ದರೆ ಶಾಕಾಹಾರಿಗಳಾದ ನಮಗೆ ಕೊರತೆಯಾಗದು. ಶೇಂಗಾ ವಿಷಯದಲ್ಲಿ ಮಾತ್ರ ಕೈ ಬಿಗಿಯಿರಲಿ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 170 ಕ್ಯಾಲೊರಿಯಷ್ಟು ಇರುತ್ತದೆ. ಅದು ಮೂರು ಕಿಲೋಮೀಟರಿಗೂ ಮಿಕ್ಕ ನಡಿಗೆಗೆ ಸಮ.

ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಬಿಡಬಾರದೆಂಬ ಭಯಭಕ್ತಿಯಿಂದ ಬೇಡವಾದುದನ್ನೂ ಉಣ್ಣುವವರನ್ನು ನಾವು ನಿತ್ಯ ಕಾಣುತ್ತೇವೆ. ಪ್ರಸಾದ ಕೆಡಿಸಬಾರದು ನಿಜ. ಅದಕ್ಕಾಗಿಯೇ ಬಡಿಸುವ ಮೊದಲು ಸಾಕೆನ್ನಬೇಕು. ಮಾರಯ್ಯನವರು ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನವರ ಪರಂಪರೆ ನಮ್ಮದು. ಬಡಿಸುವ ಸೇವಾಕರ್ತರಲ್ಲಿಯೂ ಒಂದು ವಿನಂತಿ: ಸಾಕೆಂದವರ ಎಲೆಗೆ ಇನ್ನೊಂದು ಹೋಳಿಗೆ ಹಾಕುವುದನ್ನು ದಯವಿಟ್ಟು ಪ್ರೀತಿಯೆಂದು ಭಾವಿಸಬೇಡಿರಿ.

ವಾರಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತು, ಬೆಳಗಿನ ಉಪಾಹಾರಕ್ಕೆ ಮುನ್ನ ತೂಕ ನೋಡಿಕೊಳ್ಳಿ. ಒಂದು ಕೆ.ಜಿ. ಹೆಚ್ಚುಕಡಿಮೆ ನೀರಿನದು, ಉಪ್ಪಿನದು. ಅದಕ್ಕೆ ಗಾಬರಿ ಬೇಡ. ಎರಡು ಕೆ.ಜಿ. ಏರಿ ಎರಡು ವಾರ ನಿಂತಿತೆಂದರೆ ಮಾತ್ರ ಅಂದಿನಿಂದಲೇ ಹಳೆಯ ಕ್ರಮಕ್ಕೆ ಮರಳಬೇಕು, ಮುಂದಿನ ಜಾತ್ರೆಯವರೆಗೆ ಕಾಯಬಾರದು. ಇದಕ್ಕೆ ವಿರುದ್ಧವಾದ ಅತಿಯೂ ಉಂಟು. ಗುರಿ ಮುಟ್ಟಿದ ಮೇಲೂ ಇನ್ನೆರಡು ಕೆ.ಜಿ., ಮತ್ತೆರಡು ಕೆ.ಜಿ. ಎಂದು ಇಳಿಸುತ್ತ, ನಡಿಗೆಯನ್ನು ಎರಡು ಗಂಟೆಗೆ ಏರಿಸಿ, ಊಟವೆಂದರೆ ಅಂಜುವ ಯುವಕ ಯುವತಿಯರ ಬಗ್ಗೆ ಮನೆಯವರು ಎಚ್ಚರ ವಹಿಸಬೇಕು. ನಿದ್ರೆ ಕೆಡುವುದು, ಕೂದಲು ಉದುರುವುದು, ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಇವು ವೈದ್ಯರನ್ನು ಕಾಣಬೇಕಾದ ಲಕ್ಷಣಗಳು.

ಕೊನೆಯದಾಗಿ ಔಷಧಿಯ ಮಾತು. 80 ಕೆ.ಜಿ. ಇದ್ದಾಗ ಬರೆದುಕೊಟ್ಟ ಸಕ್ಕರೆಯ ಗುಳಿಗೆ, ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳ ಪ್ರಮಾಣ 68 ಕೆ.ಜಿ.ಯ ದೇಹಕ್ಕೆ ಹೆಚ್ಚಾಗಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ನಡಿಗೆಯ ನಡುವೆ ಬೆವರಿ ಕೈಕಾಲು ನಡುಗುವುದು ಇದರ ಸೂಚನೆ. ನಡುಕ ಬಂದರೆ ಕೂಡಲೇ ಕುಳಿತು ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಳ್ಳಬೇಕು. ಅಂಥವರು ನಡೆಯುವಾಗ ಜೇಬಿನಲ್ಲಿ ಅದನ್ನು ಇಟ್ಟುಕೊಂಡೇ ಇರಬೇಕು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ತೂಕ ಐದು ಕೆ.ಜಿ. ಇಳಿದ ಕೂಡಲೇ ಹಳೆಯ ಚೀಟಿಯೊಂದಿಗೆ ತಾಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗಕ್ಕೋ ತಮ್ಮ ವೈದ್ಯರಲ್ಲಿಗೋ ಹೋಗಿ ಪ್ರಮಾಣವನ್ನು ಮರುಪರಿಶೀಲಿಸಿಕೊಳ್ಳಬೇಕಾಗಿ ಭಕ್ತರಲ್ಲಿ ಕೋರುತ್ತೇವೆ.