ಸತ್ತದ್ದು ಸ್ಯಾಂಪ್ಲರೋ, ಫ್ಲಾಪಿಯೋ?

ನಲವತ್ತು ವರ್ಷ ಹಳೆಯ ಸಂಗೀತಯಂತ್ರ ದನಿ ನಿಲ್ಲಿಸಿದಾಗ ರಿಪೇರಿಗೆ ಕೂರಬೇಕೋ, ಬಿಡಿಭಾಗಕ್ಕೆ ಬಿಚ್ಚಬೇಕೋ? ಉತ್ತರ ಹೇಳುವ ಮೊದಲು ಒಂದು ಮಲ್ಟಿಮೀಟರ್, ಒಂದು ಬಲ್ಬ್, ಸ್ವಲ್ಪ ತಾಳ್ಮೆ ಬೇಕು.

ಸ್ವಿಚ್ ಹಾಕಿದರೆ ಎರಡು ಕೆಂಪು ಅಂಕಿಗಳು ಬೆಳಗುತ್ತವೆ. ಫ್ಲಾಪಿ ಡ್ರೈವ್ ಗರ್ ಗರ್ ಎಂದು ಎರಡು ಸಲ ಕೆರೆದು ಸುಮ್ಮನಾಗುತ್ತದೆ. 61 ಮನೆಗಳ ಕೀಬೋರ್ಡಿನಲ್ಲಿ ಎಲ್ಲಿ ಬೆರಳಿಟ್ಟರೂ ಸದ್ದಿಲ್ಲ. ಹಳೆಯ ವಾದ್ಯ ಮಾರುವವರ ಬಳಿ ಇಂಥ ಯಂತ್ರಕ್ಕೆ ಒಂದು ಸಿದ್ಧ ಷರಾ ಇರುತ್ತದೆ: ‘ಆನ್ ಆಗುತ್ತೆ, ಸೌಂಡ್ ಬರಲ್ಲ, ಸ್ಪೇರ್‌ಗೆ ಮಾತ್ರ.’

ಯಂತ್ರದ ಹೆಸರು ಎನ್‌ಸೋನಿಕ್ ಮಿರಾಜ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮಾಲ್ವರ್ನ್‌ನಲ್ಲಿದ್ದ ಕಂಪನಿ ಇದನ್ನು 1984ರಲ್ಲಿ ಪರಿಚಯಿಸಿತು. ಇದು ಸ್ಯಾಂಪ್ಲರ್, ಅಂದರೆ ಸ್ವಂತ ದನಿಯಿಲ್ಲದ ವಾದ್ಯ. ಮೈಕಿನಲ್ಲಿ ಕೇಳಿಸಿದ್ದನ್ನು ಅಂಕಿಗಳಾಗಿ ನೆನಪಿಟ್ಟುಕೊಂಡು, ಒತ್ತಿದ ಮನೆಗೆ ತಕ್ಕಂತೆ ಶ್ರುತಿ ಏರಿಸಿ ಇಳಿಸಿ ನುಡಿಸುತ್ತದೆ. ಕುಕ್ಕರಿನ ಸೀಟಿ ಕೇಳಿಸಿದರೆ ಸೀಟಿಯಲ್ಲೇ ಸರಿಗಮ. 1979ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಫೇರ್‌ಲೈಟ್ ಸಿಎಂಐ ಇದೇ ಕೆಲಸ ಮಾಡುತ್ತಿತ್ತು. ಅದನ್ನು ಕೊಳ್ಳುವ ಶಕ್ತಿ ದೊಡ್ಡ ಸ್ಟುಡಿಯೊಗಳಿಗೆ, ಹೆಸರಾಂತ ಕಲಾವಿದರಿಗೆ ಮಾತ್ರ. 1984ರಲ್ಲೇ ಬಂದ ಇ-ಮ್ಯು ಕಂಪನಿಯ ಎಮ್ಯುಲೇಟರ್ 2ರ ಬೆಲೆ ಎಂಟು ಸಾವಿರ ಡಾಲರಿನ ಆಸುಪಾಸು. ಮಿರಾಜ್ 1,700 ಡಾಲರಿನೊಳಗೆ ಸಿಕ್ಕಿತು. ಬಾರಿನಲ್ಲಿ, ಚರ್ಚಿನಲ್ಲಿ, ಮನೆಯ ಹಿಂದಿನ ಗ್ಯಾರೇಜಿನಲ್ಲಿ ನುಡಿಸುವವರ ಕೈಗೂ ಸ್ಯಾಂಪ್ಲರ್ ಬಂದದ್ದು ಹೀಗೆ.

ಅಂಥ ಯಂತ್ರ ಈಗ ಮೇಜಿನ ಮೇಲೆ ಮೂಕವಾಗಿ ಕೂತಿದೆ. ರಿಪೇರಿಯೋ, ಗುಜರಿಯೋ?

ದಿನಾ ಮರೆಯುವ ಯಂತ್ರ

ಮಿರಾಜ್ ನಿಜವಾಗಿಯೂ ಸತ್ತಿದೆಯೇ ಎಂಬುದೇ ಮೊದಲ ಪ್ರಶ್ನೆ. ಕರೆಂಟ್ ಹೋದ ಕೂಡಲೇ ಈ ಯಂತ್ರ ಎಲ್ಲವನ್ನೂ ಮರೆಯುತ್ತದೆ, ಹೇಗೆ ಕೆಲಸ ಮಾಡಬೇಕು ಎಂಬುದನ್ನೂ. ಅದರ ಕಾರ್ಯಾಚರಣೆಯ ತಂತ್ರಾಂಶ ಇರುವುದು ಫ್ಲಾಪಿಯಲ್ಲಿ. ಪ್ರತಿ ಸಲ ಆನ್ ಮಾಡಿದಾಗಲೂ ಅದನ್ನು ಓದಿಕೊಂಡೇ ಕೆಲಸಕ್ಕೆ ನಿಲ್ಲಬೇಕು. ಡ್ರೈವಿನ ಹೆಡ್ ಕೊಳೆಯಾಗಿದ್ದರೆ, ಡಿಸ್ಕಿನ ಕಾಂತೀಯ ಲೇಪ ಬೂಷ್ಟು ಹಿಡಿದಿದ್ದರೆ ಯಂತ್ರ ಬಾಯಿ ತೆರೆಯುವುದಿಲ್ಲ. ಆಗ ಕೆಟ್ಟಿರುವುದು ಒಂದು ಡಿಸ್ಕ್ ಅಥವಾ ಒಂದು ಡ್ರೈವ್ ಮಾತ್ರ. ಆದರೆ ನೋಡುವವರ ಕಣ್ಣಿಗೆ ಇಡೀ ಯಂತ್ರವೇ ಹೆಣ.

ಇನ್ನೊಂದು ತೊಡಕೂ ಇದೆ. ಮಿರಾಜ್ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರಿಗೆ ಹಾಕಿ ನಕಲು ಮಾಡಿಕೊಳ್ಳೋಣ ಎಂದರೆ ಆಗದು. ಪ್ರತಿ ಟ್ರ್ಯಾಕಿನಲ್ಲಿ 1,024 ಬೈಟಿನ ಐದು ಸೆಕ್ಟರ್, 512 ಬೈಟಿನದು ಒಂದು ಎಂಬ ವಿಚಿತ್ರ ಲೆಕ್ಕ ಅದರದು. ಅಂಥ 80 ಟ್ರ್ಯಾಕ್ ಸೇರಿದರೆ 440 ಕಿಲೋಬೈಟ್. ವಾಟ್ಸ್‌ಆ್ಯಪಿನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರದಷ್ಟು ಜಾಗದಲ್ಲಿ ಒಂದು ವಾದ್ಯದ ಬುದ್ಧಿಯೂ ದನಿಯೂ ಕೂತಿವೆ.

ಮೊದಲು ಸೀರೀಸ್ ಬೋರ್ಡ್

ಹಾಗಾದರೆ ಹೊಸ ಡ್ರೈವ್ ಹಾಕಿಬಿಡೋಣವೇ? ತಡೆಯಿರಿ. ಅದಕ್ಕೂ ಮೊದಲು ಕರೆಂಟಿನ ಕಡೆ ನೋಡಬೇಕು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದೇ ಹಲವು ಸ್ಯಾಂಪ್ಲರುಗಳ ಕೊನೆಯ ಗಳಿಗೆ. ಅಮೆರಿಕದ ಮಾದರಿಗಳು ಬಯಸುವುದು 120 ವೋಲ್ಟ್, ಜಪಾನಿನ ಒಳಮಾರುಕಟ್ಟೆಯವು 100 ವೋಲ್ಟ್, ನಮ್ಮ ಗೋಡೆಯಲ್ಲಿ ಬರುವುದು 230. ವಿದೇಶದಲ್ಲಿರುವ ಅಣ್ಣನೋ ಭಾವನೋ ಸೂಟ್‌ಕೇಸಿನಲ್ಲಿಟ್ಟು ತಂದುಕೊಟ್ಟ ಯಂತ್ರವಾದರೆ ಹಿಂಬದಿಯ ಚೀಟಿಯನ್ನು ಕನ್ನಡಕ ಹಾಕಿಕೊಂಡೇ ಓದಬೇಕು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬಾರದು.

ನಮ್ಮ ಊರಿನ ರೇಡಿಯೊ, ಟಿ.ವಿ. ಮೆಕ್ಯಾನಿಕ್‌ಗಳ ಬಳಿ ಇದಕ್ಕೆ ಒಂದು ಹಳೆಯ ಉಪಾಯವಿದೆ. ಸಾಮಾನಿನ ದಾರಿಯಲ್ಲಿ ಒಂದು ಫಿಲಮೆಂಟ್ ಬಲ್ಬ್ ಕೂರಿಸಿದ ಸೀರೀಸ್ ಬೋರ್ಡ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಉರಿದು ಹಾಗೇ ನಿಲ್ಲುತ್ತದೆ. ಯಂತ್ರಕ್ಕೆ ಏಟು ಬೀಳುವುದಿಲ್ಲ. ಕ್ಷಣ ಮಿನುಗಿ ಮಂಕಾದರೆ ಮುಂದುವರಿಯಬಹುದು. ಆಮೇಲೆ ಪವರ್ ಸಪ್ಲೈಯನ್ನು ಮುಖ್ಯ ಬೋರ್ಡಿನಿಂದ ಬಿಡಿಸಿ, ಅದೊಂದನ್ನೇ ಅಳೆಯಬೇಕು. ಐದು ವೋಲ್ಟ್ ಬರಬೇಕಾದಲ್ಲಿ ಐದೇ ಬರುತ್ತಿದೆಯೇ?

ಯಂತ್ರದ ಹಣೆಬರಹ ತಿಳಿಯುವುದು ಇಲ್ಲೇ. ವೋಲ್ಟೇಜ್ ಕಡಿಮೆ ಬಂದರೆ, ಅಥವಾ ಅದರಲ್ಲಿ ಗುಂಯ್‌ಗುಡುವ ಏರಿಳಿತವಿದ್ದರೆ, ಒಣಗಿದ ಕೆಪಾಸಿಟರುಗಳ ಮೇಲೆ ಅನುಮಾನ ಪಡಬಹುದು. ಹಳೆಯ ಮೆಕ್ಯಾನಿಕ್‌ಗಳು ‘ಕಂಡೆನ್ಸರ್’ ಎನ್ನುವುದು ಇದನ್ನೇ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಒಂದು ಸುತ್ತು ಹೋಗಿಬಂದರೆ ಪುಡಿಗಾಸಿಗೆ ಮುಗಿಯುವ ಕಾಯಿಲೆ. ಬದಲಿಗೆ ರೆಗ್ಯುಲೇಟರ್ ಶಾರ್ಟ್ ಆಗಿ ಐದು ವೋಲ್ಟಿನ ಜಾಗದಲ್ಲಿ ಹತ್ತೋ ಹನ್ನೆರಡೋ ನುಗ್ಗಿದ್ದರೆ, ಆ ದಾರಿಯಲ್ಲಿರುವ ಪ್ರತಿಯೊಂದು ಚಿಪ್ಪಿನ ಪ್ರಾಣವೂ ಸಂಶಯದಲ್ಲಿದೆ. ಹೊರಗಿನಿಂದ ನೋಡಿದರೆ ಎರಡೂ ಯಂತ್ರಗಳು ಒಂದೇ ಥರ ಸುಮ್ಮನಿರುತ್ತವೆ.

ಹಳೆಯ ಸ್ಯಾಂಪ್ಲರ್ ರಿಪೇರಿಯಲ್ಲಿ ಮತ್ತೆ ಮತ್ತೆ ಕಾಣುವ ವಿಚಿತ್ರವಿದು. ಹೆಚ್ಚು ಹೆದರಿಸುವ ಲಕ್ಷಣಗಳು ಹೆಚ್ಚಾಗಿ ಅಗ್ಗದ ಕಾಯಿಲೆಗಳು. ಡಿಸ್ಪ್ಲೇ ಪೂರ್ತಿ ಕತ್ತಲೆ ಎಂದರೆ ಹಿಂಬದಿಯ ಬೆಳಕಿನ ಹಾಳೆ ಸವೆದಿದೆ. ಅಕಾಯ್ ಕಂಪನಿಯ ಹಳೆಯ ಸ್ಯಾಂಪ್ಲರುಗಳಲ್ಲಿ ಇದು ಮಾಮೂಲು. ಬಟನ್ ಒತ್ತಿದರೆ ಎರಡೆರಡು ಸಲ ಹೊಡೆದುಕೊಳ್ಳುತ್ತದೆ ಎಂದರೆ ಒಳಗಿನ ಸಣ್ಣ ಸ್ವಿಚ್ಚಿಗೆ ಕಿಲುಬು. ತಟ್ಟಿದರೆ ಬದುಕಿ, ಬಿಟ್ಟರೆ ಸಾಯುತ್ತದೆ ಎಂದರೆ ಡ್ರೈ ಸೋಲ್ಡರ್, ಇಲ್ಲವೇ ಸಾಕೆಟ್ಟಿನಲ್ಲಿ ಸಡಿಲಾದ ಐಸಿ. ನಿಜವಾಗಿ ಪ್ರಾಣಕ್ಕೆ ಕುತ್ತು ತರುವವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಬೋರ್ಡಿಗೇ ಬೆಸೆದ ಬ್ಯಾಟರಿ ಇರುವ ಯಂತ್ರಗಳಲ್ಲಿ ಅದು ಸೋರಿ, ಕೂದಲೆಳೆಯಂಥ ತಾಮ್ರದ ದಾರಿಗಳನ್ನು ಒಂದೊಂದಾಗಿ ತಿನ್ನುತ್ತಿರುತ್ತದೆ, ಯಂತ್ರ ಇನ್ನೂ ನುಡಿಯುತ್ತಿರುವಾಗಲೇ.

ಎಂಟನೇ ಎಣಿಕೆ

ಕರೆಂಟ್ ಸರಿಯಿದೆ, ಒಳ್ಳೆಯ ಡಿಸ್ಕೂ ಸಿಕ್ಕಿತು, ದನಿ ಬಂತು ಎಂದುಕೊಳ್ಳಿ. ಆದರೆ ನಡುನಡುವೆ ಒಂದು ಸ್ವರ ನುಂಗಿದಂತಾಗುತ್ತದೆ. ಈಗ ಮೀಟರಿಗಿಂತ ಕಿವಿ ಮೇಲು. ಮಿರಾಜ್ ಏಕಕಾಲಕ್ಕೆ ಎಂಟು ಸ್ವರ ನುಡಿಸಬಲ್ಲದು. ಒಂದೊಂದು ದನಿಗೂ ಒಂದೊಂದು ಅನಲಾಗ್ ಫಿಲ್ಟರ್ ಚಿಪ್. ಒಂದೇ ಮನೆಯನ್ನು ಆದಿತಾಳ ಹಾಕಿಕೊಂಡು ಒತ್ತುತ್ತಾ ಹೋಗಿ. ಪ್ರತಿ ಆವರ್ತದಲ್ಲೂ ಅದೇ ಎಣಿಕೆಯಲ್ಲಿ ಸ್ವರ ಮಂಕಾದರೆ ಎಂಟರಲ್ಲಿ ಒಂದು ದಾರಿ ಕೆಟ್ಟಿದೆ, ಏಳು ಗಟ್ಟಿಯಾಗಿವೆ. ಎಲ್ಲ ಎಣಿಕೆಯಲ್ಲೂ ಕರ್ಕಶವಾದರೆ ತೊಂದರೆ ಇನ್ನೂ ಮೇಲಿನ ಹಂತದಲ್ಲಿದೆ. ದನಿ ಹುಟ್ಟಿಸುವ ಮೂಲ ಚಿಪ್ಪಿನಲ್ಲೋ, ನೆನಪಿನ ಚಿಪ್ಪುಗಳಲ್ಲೋ.

ಈಗ ಚಿಪ್ಪಿನ ಬೆನ್ನ ಮೇಲಿರುವ ಸಂಖ್ಯೆ ಓದಬೇಕು. 74 ಎಂದು ಶುರುವಾಗುವ ಸಾಮಾನ್ಯ ಲಾಜಿಕ್ ಐಸಿಗಳು, ಮೆಮೊರಿ ಐಸಿಗಳು, ರೆಗ್ಯುಲೇಟರ್ ಇವೆಲ್ಲ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಮಿರಾಜ್‌ನ ಹೃದಯವಾದ 5503 ಹಾಗಲ್ಲ. ಅದನ್ನು ರೂಪಿಸಿದ ಬಾಬ್ ಯಾನೆಸ್, ಅದಕ್ಕೂ ಮೊದಲು ಕಮೊಡೋರ್ 64 ಕಂಪ್ಯೂಟರಿನ ಹೆಸರಾಂತ ಸಿಡ್ ಧ್ವನಿ ಚಿಪ್ ಮಾಡಿದವರು. ಇದೇ 5503 ಚಿಪ್ 1986ರ ಆಪಲ್ 2ಜಿಎಸ್ ಕಂಪ್ಯೂಟರಿನೊಳಗೂ ಇತ್ತು. ಎಂದರೆ ಒಂದು ಸ್ಯಾಂಪ್ಲರಿಗೆ ಜೀವ ಬರಬೇಕಾದರೆ ಎಲ್ಲೋ ಒಂದು ಸ್ಯಾಂಪ್ಲರೋ ಕಂಪ್ಯೂಟರೋ ಬಿಚ್ಚಿಕೊಳ್ಳಬೇಕು. ಕೇಳೋಣವೆಂದರೆ ತಯಾರಕರೂ ಇಲ್ಲ. ಎನ್‌ಸೋನಿಕ್ ಅನ್ನು 1998ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಕೊಂಡಿತು.

ಆದ್ದರಿಂದ ಏನು ಕೆಟ್ಟಿದೆ ಎಂದು ತಿಳಿದರೆ ಸಾಲದು. ಕೆಟ್ಟದ್ದು ಇನ್ನೂ ಎಲ್ಲಾದರೂ ತಯಾರಾಗುತ್ತಿದೆಯೇ ಎಂದೂ ತಿಳಿಯಬೇಕು. ಅಂಗಡಿಯಲ್ಲಿ ಸಿಗುವ ಹತ್ತು ಭಾಗ ಸುಟ್ಟುಹೋದ ಯಂತ್ರ ರಿಪೇರಿಗೆ ಯೋಗ್ಯ. ಎಲ್ಲೂ ಸಿಗದ ಒಂದೇ ಭಾಗ ಹೋದ ಯಂತ್ರ, ಉಳಿದದ್ದೆಲ್ಲ ಹೊಳೆಯುತ್ತಿದ್ದರೂ, ಬೇರೊಂದು ಯಂತ್ರದ ಕೃಪೆಗಾಗಿ ಕಾಯಬೇಕು.

ಕಾದವರಿಗೆ ಸಿಕ್ಕಿದ್ದು

ಹಳೆಯದಾದಷ್ಟೂ ರಿಪೇರಿ ಕಷ್ಟ ಎಂಬುದು ನಮ್ಮೆಲ್ಲರ ಅನುಭವ. ಸ್ಯಾಂಪ್ಲರುಗಳ ವಿಷಯದಲ್ಲಿ ಅರ್ಧದಷ್ಟಾದರೂ ಉಲ್ಟಾ ಆಗಿದೆ.

ಇ-ಮ್ಯು ಎಸ್‌ಪಿ-1200 ಯಂತ್ರವನ್ನೇ ನೋಡಿ. 1987ರಲ್ಲಿ ಬಂದ ಇದರ ಒಟ್ಟು ನೆನಪು ಹತ್ತು ಸೆಕೆಂಡಿನ ಸದ್ದು. ನ್ಯೂಯಾರ್ಕಿನ ಹಿಪ್‌ಹಾಪ್ ನಿರ್ಮಾಪಕರು ಜಾಗ ಉಳಿಸಲು 33ರ ವೇಗದ ಗ್ರಾಮಫೋನ್ ತಟ್ಟೆಯನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಶ್ರುತಿ ಇಳಿಸಿ ನುಡಿಸುತ್ತಿದ್ದರು. ಆ ಜಿಪುಣತನದಿಂದ ಹುಟ್ಟಿದ ಒರಟು ದನಿಯೇ ಒಂದು ಕಾಲದ ಸಂಗೀತದ ಗುರುತಾಯಿತು. ಯಂತ್ರದ ಎಂಟು ಹೊರದಾರಿಗಳಲ್ಲಿ ಮೊದಲ ಎರಡರಲ್ಲಿ ಮಾತ್ರ ಎಸ್‌ಎಸ್‌ಎಂ 2044 ಎಂಬ ಫಿಲ್ಟರ್ ಚಿಪ್ ಇತ್ತು. ಅದರ ತಯಾರಿಕೆ ನಿಂತುಹೋಯಿತು. 2005ರಲ್ಲಿ ಆ ಎರಡು ದಾರಿ ಮೂಕವಾದ ಯಂತ್ರವನ್ನು ಕೈಲಿ ಹಿಡಿದವನಿಗೆ ‘ಇದಿನ್ನು ಸ್ಪೇರ್‌ಗೇ ಸರಿ’ ಎನಿಸಿದ್ದರೆ ತಪ್ಪಲ್ಲ. ಆದರೆ 2010ರ ದಶಕದ ಕೊನೆಯ ಹೊತ್ತಿಗೆ ಅದೇ ವಿನ್ಯಾಸದ ಸುಧಾರಿತ ರೂಪ ಎಸ್‌ಎಸ್‌ಐ 2144 ಹೆಸರಿನಲ್ಲಿ ಹೊಸದಾಗಿ ಬಂತು. ಅಳತೆ ಬೇರೆ, ನಡುವೆ ಒಂದು ಸಣ್ಣ ಅಡಾಪ್ಟರ್ ಬೋರ್ಡ್ ಬೇಕು, ಅಷ್ಟೇ. 2021ರಲ್ಲಿ ಇ-ಮ್ಯು ಸ್ಥಾಪಕರಲ್ಲೊಬ್ಬರಾದ ಡೇವ್ ರಾಸಮ್ ಅವರ ಕಂಪನಿ ಎಸ್‌ಪಿ-1200 ಯಂತ್ರವನ್ನೇ ಮತ್ತೆ ಹೊರತಂದಿತು.

ಫ್ಲಾಪಿಯ ಕಥೆಯೂ ಇಂಥದ್ದೇ. ಸೋನಿ ಜಪಾನಿನಲ್ಲಿ ಮೂರೂವರೆ ಅಂಗುಲದ ಡಿಸ್ಕ್ ಮಾರಾಟ ನಿಲ್ಲಿಸಿದ್ದು 2011ರ ಮಾರ್ಚ್‌ನಲ್ಲಿ. ಫ್ಲಾಪಿ ನಂಬಿದ ಯಂತ್ರಗಳೆಲ್ಲ ಮುಳುಗಿದವು ಎನ್ನುವಷ್ಟರಲ್ಲಿ, ಡ್ರೈವಿನ ಜಾಗದಲ್ಲೇ ಕೂತು ಪೆನ್‌ಡ್ರೈವಿನಿಂದ ಓದಿ, ‘ನಾನೇ ಫ್ಲಾಪಿ’ ಎಂದು ಯಂತ್ರವನ್ನು ನಂಬಿಸುವ ಎಮ್ಯುಲೇಟರುಗಳು ಬಳಕೆಗೆ ಬಂದವು. ಉತ್ಸಾಹಿಗಳು ಬರೆದ ಉಚಿತ ತಂತ್ರಾಂಶ ಹಾಕಿದರೆ ಮಿರಾಜ್‌ನ ವಿಚಿತ್ರ ಸೆಕ್ಟರ್ ಲೆಕ್ಕವೂ ಅವಕ್ಕೆ ಅರ್ಥವಾಗುತ್ತದೆ.

ಎಲ್ಲ ಚಿಪ್ಪಿಗೂ ಇಂಥ ಪುನರ್ಜನ್ಮದ ಭಾಗ್ಯ ಬಂದಿಲ್ಲ, ಬರುತ್ತದೆಂಬ ಖಾತ್ರಿಯೂ ಇಲ್ಲ. ಆದರೂ ಲೆಕ್ಕ ಸರಳ. ರಿಪೇರಿ ಇವತ್ತು ಆಗದಿದ್ದರೆ ನಾಳೆ ಆಗಬಹುದು. ಬಿಚ್ಚಿ ಹಂಚಿದ್ದನ್ನು ಮತ್ತೆ ಕೂಡಿಸಲಾಗದು. ಹಾಗಾಗಿ ರಿಪೇರಿ, ಗುಜರಿ ಎಂಬ ಎರಡರ ನಡುವೆ ಮೂರನೆಯ ದಾರಿಯೊಂದಿದೆ: ಇಟ್ಟುಕೊಳ್ಳುವುದು. ಸುಮ್ಮನೆ ಅಟ್ಟಕ್ಕೆ ಎಸೆಯುವುದಲ್ಲ. ಬ್ಯಾಟರಿ ಇದ್ದರೆ ತೆಗೆದು, ಸೋರಿದ ಗುರುತನ್ನು ತೊಳೆದು, ನಮ್ಮ ಮಳೆಗಾಲದ ತೇವ ತಾಗದಂತೆ ಕಟ್ಟಿಡುವುದು.

ಬಿಚ್ಚುವುದೇ ಆದರೆ

ಕೆಲವು ಯಂತ್ರಗಳನ್ನು ಬಿಚ್ಚುವುದೇ ನ್ಯಾಯ. ನೆರೆಯಲ್ಲಿ ಮುಳುಗಿದ್ದು, ಬ್ಯಾಟರಿಯ ರಸ ಅಂಗೈಯಗಲ ತಿಂದದ್ದು, ಹೆಚ್ಚಿನ ವೋಲ್ಟೇಜಿಗೆ ನಾಲ್ಕಾರು ಸಿಗದ ಚಿಪ್ಪುಗಳು ಒಟ್ಟಿಗೆ ಹೋದದ್ದು. ಶಿವಾಜಿನಗರದ ಗುಜರಿ ಗಲ್ಲಿಗಳಿಲ್ಲದಿದ್ದರೆ ಬೆಂಗಳೂರಿನ ಎಷ್ಟು ಹಳೆಯ ಗಾಡಿಗಳು ಇಂದು ರಸ್ತೆಯಲ್ಲಿರುತ್ತಿದ್ದವು? ಒಂದು ಮಿರಾಜ್‌ನ ಎಂಟು ಫಿಲ್ಟರ್ ಚಿಪ್ಪುಗಳಲ್ಲಿ ಏಳು ಉಳಿದಿದ್ದರೂ, ಬೇರೆ ಬೇರೆ ಊರಿನ ಏಳು ಮಿರಾಜ್‌ಗಳ ಆದಿತಾಳ ಪೂರ್ತಿಯಾಗಬಹುದು.

ಆಮಿಷ ಇರುವುದೂ ಇಲ್ಲೇ. ಅಪರೂಪದ ಚಿಪ್, ಮನೆಗಳ ಪಟ್ಟಿ, ಡಿಸ್ಪ್ಲೇ, ಡಬ್ಬಿ ಎಂದು ಬಿಡಿಬಿಡಿಯಾಗಿ ಮಾರಿದರೆ ಕೆಟ್ಟ ಯಂತ್ರಕ್ಕಿಂತ ಹೆಚ್ಚು ದುಡ್ಡು ಗಿಟ್ಟಬಹುದು. ಐವತ್ತು ರೂಪಾಯಿಯ ಕೆಪಾಸಿಟರ್ ಕೆಟ್ಟ ಯಂತ್ರವೂ ಹೀಗೆ ಚೂರಾಗುತ್ತದೆ. ಬಿಚ್ಚುವವರು ಪಾಲಿಸಬೇಕಾದ ಶಿಸ್ತು ದೊಡ್ಡದೇನಲ್ಲ. ಪ್ರತಿ ಭಾಗವನ್ನು ಸಾಧ್ಯವಾದಷ್ಟು ಪರೀಕ್ಷಿಸಿ ಚೀಟಿ ಅಂಟಿಸಬೇಕು. ಐಸಿಯನ್ನು ಬೆಸುಗೆಯಿಂದ ಕಿತ್ತು ಕಾಲು ಮುರಿಯುವ ಬದಲು, ಆದಷ್ಟೂ ಇಡೀ ಬೋರ್ಡನ್ನೇ ದಾಟಿಸಬೇಕು. ಗಾಜಿನ ಕಿಟಕಿಯಿರುವ ಇಪಿರೋಮ್ ಎಂಬ ನೆನಪಿನ ಚಿಪ್ಪಿನ ಮೇಲಿನ ಸ್ಟಿಕ್ಕರ್ ಕೀಳಬಾರದು. ನೇರಳಾತೀತ ಬೆಳಕು ಬಿದ್ದರೆ ಅದರೊಳಗಿನ ಬರಹ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಡಿಸ್ಕುಗಳು. ಇಂಥ ಯಂತ್ರಗಳು ಸಾವಿರಾರು ತಯಾರಾದವು. ಆದರೆ ಯಂತ್ರದ ಜೊತೆ ಬಂದ ಹಳೆಯ ಡಬ್ಬಿಯ ಡಿಸ್ಕಿನ ಮೇಲೆ ಯಾರೋ ಪೆನ್ನಿನಲ್ಲಿ ‘ಅಜ್ಜಿಯ ಪಿಯಾನೊ’ ಎಂದು ಬರೆದಿದ್ದರೆ, ಆ ದನಿಯ ಪ್ರತಿ ಲೋಕದಲ್ಲಿ ಅದೊಂದೇ ಇರಬಹುದು. ಮೊದಲು ಅದನ್ನು ನಕಲು ಮಾಡಿಕೊಂಡು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಬೇಕು.

ಡೆಟ್ರಾಯಿಟ್‌ನ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ 2006ರಲ್ಲಿ ತೀರಿಕೊಂಡರು. ಅವರ ಸ್ಯಾಂಪ್ಲರ್ ಅಕಾಯ್ ಎಂಪಿಸಿ 3000 ಈಗ ವಾಷಿಂಗ್ಟನ್‌ನಲ್ಲಿ, ಸ್ಮಿತ್‌ಸೋನಿಯನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿ ವಸ್ತುಸಂಗ್ರಹಾಲಯದ ಸೊತ್ತು. ಆ ಯಂತ್ರದ ಒಂದು ಸ್ಕ್ರೂ ಬಿಚ್ಚಬೇಕಾದರೂ ನಾಲ್ಕು ಜನ ಕೂತು ಯೋಚಿಸಿಯಾರು. ನಮ್ಮ ಮೇಜಿನ ಮೇಲಿರುವುದಕ್ಕೆ ಅಂಥ ಹೆಸರಿಲ್ಲ. ಅದರ ಪರವಾಗಿ ಯೋಚಿಸಲು ಇರುವುದು ಸ್ಕ್ರೂಡ್ರೈವರ್ ಹಿಡಿದ ಒಬ್ಬನೇ.

ಇವತ್ತು ತೀರ್ಮಾನಕ್ಕೆ ಬರಲಾಗದಿದ್ದರೆ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ, ತಾರೀಖು ಹಾಕಿ ಮುಚ್ಚಿಡಿ. ಹತ್ತು ವರ್ಷದ ನಂತರ ತೆರೆಯುವವರು ಮಾರಾಟದ ಹಳೆಯ ಷರಾ ನಂಬಬೇಕಾಗಿಲ್ಲ. ಅಳೆದವರೊಬ್ಬರ ಕೈಬರಹ ಅಲ್ಲಿರುತ್ತದೆ: ‘ಐದು ವೋಲ್ಟ್ ಸರಿ ಇದೆ. ಡ್ರೈವ್ ಓದುತ್ತಿಲ್ಲ. ಏಳನೇ ಫಿಲ್ಟರ್ ಮೇಲೆ ಅನುಮಾನ. ಏನನ್ನೂ ಕಿತ್ತಿಲ್ಲ.’