ಬೈಕಿನ ಹಿಂದೆ ಪುಟ್ಟ ಗಾಡಿ: ಕೊಳ್ಳುವ ಮೊದಲು ತೂಗಿ ನೋಡಿ

ಬೆಳಿಗ್ಗೆ ಡೇರಿಗೆ ಎರಡು ಕ್ಯಾನು ಹಾಲು, ಸಂಜೆ ತೋಟದಿಂದ ಎರಡು ಹೊರೆ ಹುಲ್ಲು, ವಾರಕ್ಕೊಮ್ಮೆ ಸಂತೆಗೆ ನಾಲ್ಕು ಬುಟ್ಟಿ ತರಕಾರಿ. ಎತ್ತಿನ ಗಾಡಿ ಕಟ್ಟಲು ಇದು ಸಣ್ಣ ಕೆಲಸ, ತಲೆಯ ಮೇಲೆ ಹೊರಲು ದೊಡ್ಡದು. ಎತ್ತು ಸಾಕುವವರು ಕಡಿಮೆಯಾಗಿದ್ದಾರೆ. ಬೈಕು ಮಾತ್ರ ಮನೆಮನೆಗೂ ಬಂದಿದೆ. ಆ ಬೈಕಿನ ಹಿಂದೆಯೇ ಒಂದು ಪುಟ್ಟ ಟ್ರೈಲರ್ ಕಟ್ಟಿಕೊಂಡರೆ ಹೇಗೆ ಎಂಬ ಯೋಚನೆ ನಿಮಗೂ ಬಂದಿರಬಹುದು. ಕೇಳಿದರೆ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡಲು ಸಿದ್ಧರಿರುತ್ತಾರೆ.

ಯೋಚನೆ ತಪ್ಪಲ್ಲ. ಆದರೆ ನಿಜವಾಗಿ ಅಗ್ಗದ ಗಾಡಿ ಯಾವುದು, ಅಗ್ಗವೆಂದು ತಂದು ಆಮೇಲೆ ದುಬಾರಿಯಾಗುವ ಗಾಡಿ ಯಾವುದು ಎಂಬುದನ್ನು ತಿಳಿಯದೆ ಹಣ ಬಿಚ್ಚಬೇಡಿ. ಇಲ್ಲಿ ನಷ್ಟವಾಗುವುದು ಹಣ ಮಾತ್ರವಲ್ಲ. ಎರಡು ಚಕ್ರದ ಮೇಲೆ ಓಡುವ ವಾಹನವನ್ನು ಹಿಂದಿನಿಂದ ನೂರು ಕಿಲೋ ಭಾರ ತಳ್ಳಿದರೆ ಸವಾರನ ಪ್ರಾಣಕ್ಕೇ ಸಂಚಕಾರ.

ದೊಡ್ಡ ಬೈಕಿಗೆ ಹುಟ್ಟಿದ ಗಾಡಿ

ದೂರ ಪ್ರಯಾಣದ ಬೈಕುಗಳ ಹಿಂದೆ ಸಾಮಾನಿನ ಟ್ರೈಲರ್ ಕಟ್ಟುವ ರೂಢಿ ಅಮೆರಿಕ ಮತ್ತು ಯೂರೋಪಿನಲ್ಲಿದೆ. ಅಲ್ಲಿ ಇದಕ್ಕೆ ಬಳಸುವ ಬೈಕುಗಳೇ ಬೇರೆ. ಪ್ರಯಾಣದ ಬೈಕೆಂದು ಹೆಸರಾದ ಹೋಂಡಾ ಗೋಲ್ಡ್ ವಿಂಗ್ 1975ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಅದರ ಎಂಜಿನ್ 999 ಸಿ.ಸಿ. ಇತ್ತು. ನಮ್ಮ ಹಳ್ಳಿಗಳಲ್ಲಿ ಓಡುವ ಬೈಕುಗಳಲ್ಲಿ ಬಹುಪಾಲು 100ರಿಂದ 125 ಸಿ.ಸಿ.ಯವು. ಅಷ್ಟು ದೊಡ್ಡ ಬೈಕುಗಳನ್ನು ತಯಾರಿಸುವವರು ಕೂಡ ಟ್ರೈಲರ್ ಜೋಡಿಸಬೇಡಿ ಎಂದು ಕೈಪಿಡಿಯಲ್ಲಿ ಎಚ್ಚರಿಸುವುದುಂಟು. ಆದುದರಿಂದ ಮೊದಲ ಕೆಲಸವೆಂದರೆ, ನಿಮ್ಮ ಬೈಕಿನ ಜೊತೆ ಬಂದ ಪುಸ್ತಕ ತೆಗೆದು ಏನು ಬರೆದಿದೆ ಎಂದು ಓದುವುದು. ಇಂಗ್ಲಿಷ್ ಬಾರದಿದ್ದರೆ ಓದುವ ಮಕ್ಕಳಿಂದ ಓದಿಸಿ ಕೇಳಿ.

ಎಷ್ಟು ಭಾರ ಎಳೆಯಬಹುದು ಎಂಬುದಕ್ಕೆ ಬ್ರಿಟನ್ನಿನ ಕಾನೂನು ಒಳ್ಳೆಯ ಅಳತೆಗೋಲು. ಅಲ್ಲಿ 125 ಸಿ.ಸಿ.ಗಿಂತ ಹೆಚ್ಚಿನ ಎಂಜಿನ್ ಇರುವ ಬೈಕು ಮಾತ್ರ ಟ್ರೈಲರ್ ಎಳೆಯಬಹುದು. ಟ್ರೈಲರ್ ಅಗಲ ಒಂದು ಮೀಟರ್ ಮೀರಬಾರದು. ಬೈಕಿನ ಹಿಂದಿನ ಅಚ್ಚಿನಿಂದ ಟ್ರೈಲರಿನ ಹಿಂತುದಿಗೆ ಎರಡೂವರೆ ಮೀಟರಿಗಿಂತ ಹೆಚ್ಚು ಇರಬಾರದು. ಸಾಮಾನು ತುಂಬಿದ ಟ್ರೈಲರಿನ ತೂಕ 150 ಕಿಲೋ, ಅಥವಾ ಬೈಕಿನ ತೂಕದ ಮೂರರಲ್ಲಿ ಎರಡು ಪಾಲು, ಈ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೇ ಮಿತಿ.

ಈ ಲೆಕ್ಕವನ್ನು ನಮ್ಮ ಬೈಕುಗಳಿಗೆ ಹಾಕಿ ನೋಡಿ. 350 ಸಿ.ಸಿ.ಯ, 195 ಕಿಲೋ ತೂಕದ ಬೈಕಾದರೆ ಮೂರರಲ್ಲಿ ಎರಡು ಪಾಲು 130 ಕಿಲೋ. ಖಾಲಿ ಗಾಡಿಯೇ 50 ಕಿಲೋ ಇದ್ದರೆ ಸಾಮಾನಿಗೆ ಉಳಿಯುವುದು 80 ಕಿಲೋ. 45 ಕಿಲೋದ ಯೂರಿಯಾ ಚೀಲ ಒಂದೇ ಹಿಡಿಸುತ್ತದೆ, ಎರಡಲ್ಲ. ನಲವತ್ತು ಲೀಟರಿನ ತುಂಬಿದ ಹಾಲಿನ ಕ್ಯಾನೂ ಒಂದೇ. ಇನ್ನು 112 ಕಿಲೋದ 100 ಸಿ.ಸಿ. ಬೈಕು ಆ ನಿಯಮದಂತೆ ಟ್ರೈಲರ್ ಎಳೆಯುವಂತೆಯೇ ಇಲ್ಲ. ಎಳೆಯಿತೆಂದು ಇಟ್ಟುಕೊಂಡರೂ ಮಿತಿ ಸುಮಾರು 75 ಕಿಲೋ. ಗಾಡಿಯ ತೂಕ ಕಳೆದರೆ ಉಳಿಯುವುದು ಇಪ್ಪತ್ತೈದು. ಇಪ್ಪತ್ತೈದು ಕಿಲೋವನ್ನು ಹಿಂದಿನ ಸೀಟಿಗೆ ಕಟ್ಟಿಯೇ ಒಯ್ಯಬಹುದಲ್ಲ! ಅದಕ್ಕೆ ಸಾವಿರಾರು ರೂಪಾಯಿಯ ಗಾಡಿ ಏಕೆ?

“ನಮ್ಮ ಬೈಕು ಮೂರು ಜನರನ್ನು ಎಳೆಯುತ್ತದೆ, ಗಾಡಿ ಎಳೆಯದೇ?” ಎಂದು ಕೇಳುವವರಿದ್ದಾರೆ. ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ. ಬ್ರೇಕು ಹಾಕಿದಾಗ ಗಾಡಿಯ ಭಾರ ಬೈಕನ್ನು ಮುಂದಕ್ಕೆ ತಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಮೂಕಿಯ ಭಾರ ಮರೆಯಬೇಡಿ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊರೆಯೆಲ್ಲ ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೇರಿದರೆ ನೊಗ ಕುತ್ತಿಗೆಯ ಮೇಲೆ ಕೂರುತ್ತದೆ. ಬೈಕಿನ ಗಾಡಿಗೂ ಇದೇ ನ್ಯಾಯ. ಹಿಂದೆ ಭಾರವಾದರೆ ಕೊಂಡಿ ಬೈಕಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ, ವೇಗ ಹೆಚ್ಚಿದಂತೆ ಗಾಡಿ ಹಾವಿನಂತೆ ಆಚೀಚೆ ತೊನೆಯತೊಡಗುತ್ತದೆ. ಒಮ್ಮೆ ತೊನೆಯಲು ತೊಡಗಿದ ಗಾಡಿ ಸವಾರನನ್ನು ಕೆಡಹುವುದು ಸುಲಭ.

ಗಾಡಿಯ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಹೇರುವುದು ಸರಿಯಾದ ಕ್ರಮ. ಒಟ್ಟು 100 ಕಿಲೋ ಇದ್ದರೆ ಕೊಂಡಿಯ ಮೇಲೆ 10ರಿಂದ 15 ಕಿಲೋ. ಇದನ್ನು ಅಳೆಯುವುದು ಕಷ್ಟವಲ್ಲ. ಸಾಮಾನು ಹೇರಿ, ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ, ಕೊಂಡಿಯ ತುದಿಯನ್ನು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎತ್ತಿ ನೋಡಿ. ಎರಡು ಮೂರು ಸಲ ತೂಗಿದರೆ ಯಾವ ಚೀಲ ಎಲ್ಲಿರಬೇಕೆಂದು ಕೈಗೆ ಅಂದಾಜು ಸಿಗುತ್ತದೆ. ಕೊಂಡಿಯ ಮೇಲಿನ ಭಾರವನ್ನು ಬೈಕು ಹೊರುವ ಭಾರದ ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ.

ಔಷಧಿ ಸಿಂಪಡಿಸಲು ನೀರಿನ ಡ್ರಮ್ ಒಯ್ಯುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಇನ್ನೂರು ಲೀಟರಿನ ಡ್ರಮ್ ತುಂಬಿದರೆ ನೀರೇ ಇನ್ನೂರು ಕಿಲೋ. ಅದರ ಮಾತೇ ಬೇಡ. ಅರ್ಧ ತುಂಬಿದ ಡ್ರಮ್ ಇನ್ನೊಂದು ಬಗೆಯ ಅಪಾಯ. ತಿರುವಿನಲ್ಲಿ ನೀರು ಒಂದೇ ಕಡೆಗೆ ನುಗ್ಗಿ ಗಾಡಿಯನ್ನು ಮಗುಚುತ್ತದೆ. ಇಪ್ಪತ್ತು ಲೀಟರಿನ ಸಣ್ಣ ಕ್ಯಾನುಗಳನ್ನು ಬಾಯಿಮಟ್ಟ ತುಂಬಿ, ಮುಚ್ಚಳ ಬಿಗಿದು ಒಯ್ಯುವುದು ಮೇಲು.

ಕೊಂಡಿ ಹೇಗಿರಬೇಕು?

ಟ್ರ್ಯಾಕ್ಟರಿಗೆ ಹಾಕುವಂತೆ ಒಂದು ಪಿನ್ನು ಸಿಕ್ಕಿಸಿ ಕೊಡುವ ಗಾಡಿಯನ್ನು ಕೊಳ್ಳಬೇಡಿ. ಟ್ರ್ಯಾಕ್ಟರು ತಿರುವಿನಲ್ಲಿ ಬಾಗುವುದಿಲ್ಲ, ಬೈಕು ಬಾಗುತ್ತದೆ. ಆದ್ದರಿಂದ ಕೊಂಡಿ ಮೂರು ಬಗೆಯಲ್ಲಿ ಆಡಬೇಕು: ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಆಡಬೇಕು, ಬೈಕು ವಾಲಿದಾಗ ತನ್ನ ಸುತ್ತಲೂ ಹೊರಳಬೇಕು. ಹೊರಳುವ ಕೊಂಡಿ ಇದ್ದರೆ ಬೈಕು ಮಗುಚಿ ಬಿದ್ದರೂ ಗಾಡಿ ನಿಂತೇ ಇರುತ್ತದೆ. ಇಲ್ಲದಿದ್ದರೆ ಒಂದು ಇನ್ನೊಂದನ್ನು ತಿರುಚಿ ಎರಡೂ ಹಾಳಾಗುತ್ತವೆ. ಪಿನ್ನು ಸಡಿಲವಿದ್ದರೆ ಪ್ರತಿ ಬ್ರೇಕಿಗೂ ಗುದ್ದು ಬೀಳುತ್ತದೆ.

ಕೊಂಡಿಯನ್ನು ಬೈಕಿನ ಎಲ್ಲಿಗೆ ಕಟ್ಟಿದ್ದಾರೆ ಎಂಬುದನ್ನು ಬಗ್ಗಿ ನೋಡಿ. ಮಡ್‌ಗಾರ್ಡಿಗೆ, ನಂಬರ್ ಪ್ಲೇಟಿನ ಪಟ್ಟಿಗೆ, ಸಾಮಾನಿನ ಕ್ಯಾರಿಯರಿಗೆ ಕಟ್ಟಿದ್ದರೆ ಅದು ಬೇಡವೇ ಬೇಡ. ಎಳೆಯುವ ಬಲ ಚಾಸಿಗೇ ಸೇರಬೇಕು. ಬೋಲ್ಟು ಹಾಕಿ ಬಿಗಿದಿರಬೇಕು. ಚಾಸಿಗೆ ನೇರವಾಗಿ ವೆಲ್ಡಿಂಗ್ ಮಾಡಿದರೆ ಕಾದ ಜಾಗದಲ್ಲಿ ಕಬ್ಬಿಣದ ಗಟ್ಟಿತನ ಕೆಡಬಹುದು. ಕೊಂಡಿ ಕಳಚಿದರೂ ಗಾಡಿ ರಸ್ತೆ ಪಾಲಾಗದಂತೆ ಒಂದು ಗಟ್ಟಿ ಸರಪಳಿ ಇರಲೇಬೇಕು.

ಚಕ್ರ, ಅಚ್ಚು, ದೀಪ

ಅಂಗಡಿಯವರು ಅಗ್ಗಕ್ಕೆಂದು ತಳ್ಳುಗಾಡಿಯ ಸಣ್ಣ ಚಕ್ರ ಹಾಕಿಕೊಡುವುದುಂಟು. ನಲವತ್ತು ಸೆಂಟಿಮೀಟರ್ ಎತ್ತರದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 800 ಸುತ್ತು ಸುತ್ತುತ್ತದೆ. ಅರವತ್ತು ಸೆಂಟಿಮೀಟರಿನದು 530. ಸುತ್ತು ಹೆಚ್ಚಿದಷ್ಟೂ ಬೇರಿಂಗ್ ಕಾಯುತ್ತದೆ, ಬೇಗ ಸವೆಯುತ್ತದೆ. ಸಣ್ಣ ಚಕ್ರ ರಸ್ತೆಯ ಗುಂಡಿಗೆ ಇಳಿದರೆ ಮೇಲೇಳುವುದೂ ಕಷ್ಟ. ನಿಮ್ಮ ಊರಿನ ಪಂಕ್ಚರ್ ಅಂಗಡಿಯಲ್ಲಿ ಟಯರು, ಟ್ಯೂಬು ಸಿಗುವಂಥ ಬೈಕಿನ ಇಲ್ಲವೇ ಸ್ಕೂಟರಿನ ಚಕ್ರವನ್ನೇ ಆರಿಸಿ. ನಮ್ಮ ರಸ್ತೆಗಳಿಗೆ ಕಮಾನುಪಟ್ಟಿ ಅಥವಾ ಸ್ಪ್ರಿಂಗ್ ಇಲ್ಲದ ಗಾಡಿ ತಕ್ಕುದಲ್ಲ; ಟೊಮೆಟೊ ಜಜ್ಜಿಹೋಗುತ್ತದೆ, ವೆಲ್ಡಿಂಗ್ ಬಿಡುತ್ತದೆ.

ಗಾಡಿಯ ಹಿಂದೆ ಕೆಂಪು ದೀಪ, ಬ್ರೇಕ್ ದೀಪ, ಎರಡೂ ಬದಿಯ ಇಂಡಿಕೇಟರ್, ಜೊತೆಗೆ ಕೆಂಪು ರಿಫ್ಲೆಕ್ಟರ್ ಇರಬೇಕು. ಹುಲ್ಲಿನ ಹೊರೆ ಬೈಕಿನ ದೀಪವನ್ನು ಮುಚ್ಚಿಬಿಡುತ್ತದೆ. ಮುಸ್ಸಂಜೆಯಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮನ್ನು ತೋರಿಸುವುದು ಈ ದೀಪಗಳೇ.

ಹಳೆಯ ಗಾಡಿ ಕೊಳ್ಳುವುದಾದರೆ ಇಷ್ಟನ್ನು ನೋಡಿ: ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ, ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಆಡಬಾರದು. ಎರಡು ಚಕ್ರಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ದಾರ ಹಿಡಿದು ಅಳೆಯಿರಿ, ವ್ಯತ್ಯಾಸವಿದ್ದರೆ ಅಚ್ಚು ಬಾಗಿದೆ. ಹೊಸ ಬಣ್ಣ ಬಳಿದ ಕಡೆ ವೆಲ್ಡಿಂಗ್ ಬಿರುಕು ಅಡಗಿರಬಹುದು, ಉಗುರಿನಿಂದ ಕೆರೆದು ನೋಡಿ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರ್ ಕೂಡ ಒಂದು ವಾಹನವೇ. ಸಾರ್ವಜನಿಕ ರಸ್ತೆಯಲ್ಲಿ ಓಡಬೇಕಾದರೆ ಅದಕ್ಕೆ ನೋಂದಣಿಯೂ ವಿಮೆಯೂ ಬೇಕು. ಎಳೆಯುವ ವಾಹನದ ನಂಬರು ಟ್ರೈಲರಿನ ಮೇಲೂ ಕಾಣಬೇಕು. ಬೈಕನ್ನು ಮನಬಂದಂತೆ ಮಾರ್ಪಡಿಸುವುದಕ್ಕೂ ಕಾಯಿದೆ ಅಡ್ಡಿ ಮಾಡುತ್ತದೆ. ವೆಲ್ಡಿಂಗ್ ಅಂಗಡಿಯವರು “ಎಲ್ಲ ನಡೆಯುತ್ತೆ ಸ್ವಾಮಿ” ಎಂದರೆ ಅದು ಪರವಾನಗಿಯಾಗದು. ಅಪಘಾತವಾದರೆ ಪರಿಹಾರದ ಹೊರೆ ನಿಮ್ಮ ಜಮೀನಿನ ಮೇಲೇ ಬೀಳಬಹುದು. ಆದುದರಿಂದ ಮುಂಗಡ ಕೊಡುವ ಮೊದಲೇ ಆರ್.ಟಿ.ಓ. ಕಚೇರಿಗೆ ಹೋಗಿ, ಇಂಥ ಬೈಕಿಗೆ ಇಂಥ ಟ್ರೈಲರ್ ನೋಂದಣಿಯಾಗುತ್ತದೆಯೇ ಎಂದು ಅರ್ಜಿ ಬರೆದು ಕೇಳಿ. ಆಗುವುದಿಲ್ಲವೆಂದರೆ ಗಾಡಿಯನ್ನು ನಿಮ್ಮ ಹೊಲ ತೋಟದ ಒಳಗಿನ ದಾರಿಗಷ್ಟೇ ಇಟ್ಟುಕೊಳ್ಳಿ, ಇಲ್ಲವೇ ಕೊಳ್ಳುವ ಯೋಚನೆಯನ್ನೇ ಬಿಡಿ.

ಲಾಭವೋ ನಷ್ಟವೋ?

ಲೆಕ್ಕ ಹಾಕುವ ರೀತಿಗೆ ಒಂದು ಉದಾಹರಣೆ. ಗಾಡಿಗೆ 20,000 ರೂಪಾಯಿ ಎನ್ನಿ, ಐದು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 4,000. ಟಯರು, ಬೇರಿಂಗ್, ರಿಪೇರಿಗೆ 1,000. ಒಟ್ಟು 5,000. ಗೂಡ್ಸ್ ಆಟೋ ಬಾಡಿಗೆ ಒಂದು ಸಲಕ್ಕೆ 250 ಆದರೆ ಅದೇ ಹಣಕ್ಕೆ 20 ಬಾಡಿಗೆ. ಆಟೋ ಸಲಕ್ಕೆ ಐದು ಕ್ವಿಂಟಲಿನಂತೆ 100 ಕ್ವಿಂಟಲ್ ಸಾಗಿಸುತ್ತದೆ. ಅಷ್ಟನ್ನೇ ಬೈಕಿನ ಗಾಡಿಯಲ್ಲಿ 70 ಕಿಲೋದಂತೆ ಸಾಗಿಸಲು 143 ಸಲ ಓಡಾಡಬೇಕು. ಪೆಟ್ರೋಲು, ಕ್ಲಚ್ ಪ್ಲೇಟು, ಚೈನು, ನಿಮ್ಮ ಸಮಯ ಇವೆಲ್ಲ ಇದರ ಮೇಲೆ. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ.

ಸುಗ್ಗಿಯಲ್ಲಿ ಒಮ್ಮೆಗೇ ಮೂಟೆ ಸಾಗಿಸುವವರಿಗೆ ಈ ಗಾಡಿ ಲಾಭವಲ್ಲ. ಅವರಿಗೆ ಆಟೋ ಬಾಡಿಗೆ, ಪವರ್ ಟಿಲ್ಲರಿನ ಟ್ರೈಲರ್, ಅಥವಾ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಿಗುವ ಬಾಡಿಗೆ ಯಂತ್ರವೇ ಮೇಲು. ದಿನವೂ ಐವತ್ತು ಅರವತ್ತು ಕಿಲೋ ಹಾಲು, ಹಿಪ್ಪುನೇರಳೆ ಸೊಪ್ಪು, ಹೂವು, ಹುಲ್ಲು ಸಾಗಿಸುವವರು, ಗಟ್ಟಿ ಬೈಕು ಮತ್ತು ಸಮತಟ್ಟಾದ ದಾರಿ ಇರುವವರು ಇದರ ಪ್ರಯೋಜನ ಪಡೆಯಬಹುದು.

ಕೊಂಡ ಮೇಲೆ ಮೊದಲ ವಾರ ಖಾಲಿ ಗಾಡಿಯನ್ನೇ ತೋಟದ ದಾರಿಯಲ್ಲಿ ಓಡಿಸಿ ಅಭ್ಯಾಸ ಮಾಡಿ. ಬ್ರೇಕನ್ನು ತಿರುವಿಗೆ ಮೊದಲೇ ಹಾಕಿ, ತಿರುವಿನೊಳಗೆ ಬೇಡ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ. ಗಾಡಿಯ ಮೇಲೆ ಮಕ್ಕಳನ್ನಾಗಲಿ ಆಳುಗಳನ್ನಾಗಲಿ ಎಂದಿಗೂ ಕೂರಿಸಬೇಡಿ. ಹೊರಡುವ ಮುನ್ನ ದಿನವೂ ಕೊಂಡಿ, ಸರಪಳಿ, ಗಾಳಿ, ದೀಪ ಈ ನಾಲ್ಕನ್ನು ನೋಡಲು ಎರಡು ನಿಮಿಷ ಸಾಕು.